ಮೌಶಿಯ ಪತ್ರ: ಏರು ಬಂದರೆ ಇಳಿದು ತಳ್ಳಿ

ಪ್ರೀತಿಯ ಮಕ್ಕಳೇ,

ಹೋದ ತಿಂಗಳು ಈ ಪುಟದಲ್ಲಿ ಶೇಂಗಾ ಚಟ್ನಿಪುಡಿ ಮಾಡುವ ಬಗೆ ಬರೆದಿದ್ದೆ. ಅದನ್ನು ಓದಿ ಹಾಸ್ಟೆಲಿನ ಮೂವರು ಹುಡುಗರು ರಾತ್ರಿ ಹನ್ನೊಂದು ಗಂಟೆಗೆ ಫೋನು ಮಾಡಿ, "ಮೌಶಿ, ಬೆಳ್ಳುಳ್ಳಿ ಸಿಪ್ಪಿ ಸುಲೀಬೇಕೇನು?" ಎಂದು ಕೇಳಿದರು. ಬಹಳ ಸಂತೋಷವಾಯಿತು. (ಸುಲಿಯಬೇಕಾಗಿಲ್ಲ.) ಈ ತಿಂಗಳು ಅಡಿಗೆಮನೆಯಿಂದ ಹೊರಗೆ ಬಂದು ಸೈಕಲ್ಲು ಹತ್ತೋಣ ಎಂದಿದ್ದೇನೆ. ಐವತ್ತು ದಾಟಿದ ಮೌಶಿಗೆ ಸೈಕಲ್ಲಿನ ಉಸಾಬರಿ ಯಾಕೆ ಎಂದು ನಗಬೇಡಿ. ಕೊನೆಯವರೆಗೆ ಓದಿ, ಆಮೇಲೆ ನಗುವಿರಂತೆ.

ನಡೆದದ್ದು ಇಷ್ಟು. ಮಳೆಗಾಲ ಮುಗಿಯುತ್ತ ಬಂದಾಗ ಒಂದು ಸಂಜೆ ನನ್ನ ಮಗಳು ಹಿಂಜೇವಾಡಿಯ ಆಫೀಸಿನಿಂದ ಬಂದವಳೇ, ಚಪ್ಪಲಿ ಬಿಡುತ್ತ ಬಾಗಿಲಲ್ಲೇ ಘೋಷಣೆ ಮಾಡಿದಳು.

"ಅಮ್ಮಾ, ನಾ ಒಂದು ಸೈಕಲ್ ತಗೋಳಾಕತ್ತೀನಿ."

"ಛಲೋ ಆತು ತಗೋ. ಎಷ್ಟು ಗೇರಿಂದು?"

"ಗೇರ್ ಇಲ್ಲ."

ಪತ್ರಿಕೆ ಓದುತ್ತಿದ್ದ ನಮ್ಮವರು ಕನ್ನಡಕದ ಮೇಲಿಂದ ನೋಡಿ ಬೆಲೆ ಕೇಳಿದರು. ಇಪ್ಪತ್ತೆರಡು ಸಾವಿರ ಎಂದಳು. "ಎದರಿನ ಮನಿ ಹುಡುಗನ ಸೈಕಲ್ಲಿಗೆ ಇಪ್ಪತ್ತೊಂದು ಗೇರು, ಹದಿನೈದು ಸಾವಿರ. ಏನೂ ಇಲ್ಲದ್ದಕ್ಕ ಏಳು ಸಾವಿರ ಹೆಚ್ಚಿಗಿ ಕೊಡೂದು ಯಾವ ಲೆಕ್ಕಾ ತಂಗೀ?" ಎಂದರು. ಅವಳು ನಕ್ಕು, "ಅಪ್ಪಾ, ಅದ ಅದರ ಮಜಾ" ಎಂದು ಕೈಕಾಲು ತೊಳೆಯಲು ಹೋದಳು.

ಆ ಮಜಾ ಏನು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಹಾಗೆ ನೋಡಿದರೆ ನನಗೆ ಅದು ಚಿಕ್ಕಂದಿನಲ್ಲೇ ಗೊತ್ತಿತ್ತು, ನಡುವೆ ಮರೆತಿದ್ದೆ.

ಮೊದಲು ವಸ್ತುವಿನ ಪರಿಚಯ ಮಾಡಿಕೊಡುತ್ತೇನೆ. ಸೈಕಲ್ಲಿನ ಪೆಡಲಿಗೆ ಒಂದು ದೊಡ್ಡ ಹಲ್ಲಿನ ಚಕ್ರ ಇರುತ್ತದೆ, ಹಿಂದಿನ ಗಾಲಿಯ ನಡುವೆ ಒಂದು ಸಣ್ಣ ಹಲ್ಲಿನ ಚಕ್ರ. ಎರಡನ್ನೂ ಚೈನು ಸುತ್ತಿಕೊಂಡಿರುತ್ತದೆ. ಗೇರಿನ ಸೈಕಲ್ಲಿನಲ್ಲಿ ಇಂಥ ಚಕ್ರಗಳು ಹಲವು. ಏರು ಬಂದಾಗ ಹಿಂದೆ ದೊಡ್ಡ ಚಕ್ರಕ್ಕೆ, ಸಮತಟ್ಟು ಬಂದಾಗ ಸಣ್ಣ ಚಕ್ರಕ್ಕೆ ಚೈನನ್ನು ದಾಟಿಸುತ್ತೀರಿ. ಒಂದೇ ಗೇರಿನ ಸೈಕಲ್ಲಿನಲ್ಲಿ ಮುಂದೆ ಒಂದು, ಹಿಂದೆ ಒಂದು. ದಾಟಿಸಲು ಬೇರೆ ಚಕ್ರವೇ ಇಲ್ಲ. ಏರಾದರೂ ಅದೇ, ಇಳಿಜಾರಾದರೂ ಅದೇ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಫ್ರೀವೀಲ್ ಇರುತ್ತದೆ. ತುಳಿಯುವುದನ್ನು ನಿಲ್ಲಿಸಿದರೂ ಟಿಕ್ ಟಿಕ್ ಎಂದು ಸಪ್ಪಳ ಮಾಡುತ್ತ ಗಾಲಿ ತನ್ನಷ್ಟಕ್ಕೆ ತಿರುಗುತ್ತದೆ. ನಮ್ಮ ಊರುಗಳ ಹಾಲಿನವರದು, ಪೇಪರಿನವರದು, ಮುಂಬಯಿಯ ಡಬ್ಬಾವಾಲಾಗಳದು ಇದೇ ಜಾತಿ. ಇನ್ನೊಂದು ಫಿಕ್ಸೆಡ್ ಗೇರ್. ಅದಕ್ಕೆ ಫ್ರೀವೀಲ್ ಇಲ್ಲ. ಹಿಂದಿನ ಹಲ್ಲಿನ ಚಕ್ರ ಗಾಲಿಗೇ ಬಿಗಿದಿರುತ್ತದೆ. ಗಾಲಿ ತಿರುಗುವಷ್ಟು ಹೊತ್ತು ಪೆಡಲು ತಿರುಗಲೇಬೇಕು, ಪೆಡಲು ತಿರುಗುವಷ್ಟು ಹೊತ್ತು ನಿಮ್ಮ ಕಾಲೂ ತಿರುಗಲೇಬೇಕು. ಆರಾಮಾಗಿ ಕಾಲು ಬಿಟ್ಟು ಕೂಡುವ ಮಾತೇ ಇಲ್ಲ. ವೇಗ ತಗ್ಗಿಸಬೇಕಾದರೆ ತಿರುಗುವ ಪೆಡಲನ್ನು ಕಾಲಿನಿಂದಲೇ ಹಿಂದಕ್ಕೆ ಒತ್ತಿ ಹಿಡಿಯಬಹುದು. ನನ್ನ ಮಗಳ ಸೈಕಲ್ಲಿನ ಹಿಂದಿನ ಗಾಲಿಗೆ ಎರಡೂ ಕಡೆ ಹಲ್ಲಿನ ಚಕ್ರಗಳಿವೆ, ಒಂದು ಕಡೆ ಫ್ರೀವೀಲಿನದು, ಇನ್ನೊಂದು ಕಡೆ ಫಿಕ್ಸೆಡ್. ಗಾಲಿ ಬಿಚ್ಚಿ ತಿರುಗಿಸಿ ಹಾಕಿದರೆ ಸೈಕಲ್ಲಿನ ಸ್ವಭಾವವೇ ಬದಲಾಗುತ್ತದೆ. ದೋಸೆ ತಿರುವಿ ಹಾಕಿದಂತೆ!

ಸೈಕಲ್ಲು ಮನೆಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ನೆಲದ ಮೇಲೆ ಕೂತು ಹಲ್ಲು ಎಣಿಸಿದ್ದು. ಮುಂದೆ 46, ಹಿಂದೆ 18. ಮಗಳು ಬೆರಗಾಗಿ ನೋಡಿದಳು. "ಅಮ್ಮಾ, ನಿನಗ ಇದೆಲ್ಲಾ ಹೆಂಗ ಗೊತ್ತು?"

ಗೊತ್ತಿರದೆ ಏನು! ನಮ್ಮಪ್ಪ ನನಗೆ ಭಾಗಾಕಾರ ಕಲಿಸಿದ್ದೇ ಸೈಕಲ್ಲಿನ ಹಲ್ಲುಗಳಿಂದ.

ನಾನು ಹುಟ್ಟಿ ಬೆಳೆದದ್ದು ಧಾರವಾಡದ ಮಾಳಮಡ್ಡಿಯಲ್ಲಿ. ನಮ್ಮಪ್ಪನ ಹತ್ತಿರ ಒಂದು ಕರಿಯ ಹರ್ಕ್ಯುಲಿಸ್ ಸೈಕಲ್ಲಿತ್ತು. 1949ರಲ್ಲಿ ಶುರುವಾದ ಟಿಐ ಕಂಪನಿಯವರು ಮದ್ರಾಸಿನ ಪಕ್ಕದ ಅಂಬತ್ತೂರಿನಲ್ಲಿ ತಯಾರಿಸುತ್ತಿದ್ದ ಸೈಕಲ್ಲು ಅದು. ಕಂಬಿಯ ಬ್ರೇಕು, ಹಿಂದೆ ಕ್ಯಾರಿಯರು, ಮುಂದೆ ಡೈನಮೋದ ದೀಪ, ಎತ್ತಲು ಹೋದರೆ ಎಮ್ಮೆಕರುವಿನ ಭಾರ. ಪ್ರತಿ ರವಿವಾರ ಮುಂಜಾನೆ ಅಪ್ಪ ಅದನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಸೀಮೆಎಣ್ಣೆ ಅದ್ದಿ ಚೈನು ತಿಕ್ಕುತ್ತಿದ್ದ. ನಾನು ಪಕ್ಕದಲ್ಲಿ ಕೂತು ಹಲ್ಲು ಎಣಿಸಬೇಕು.

"ಮುಂದ ಎಷ್ಟು?"

"ನಲವತ್ನಾಲ್ಕು."

"ಹಿಂದ?"

"ಹದಿನೆಂಟು."

"ಹಂಗಾದರ ಪೆಡಲ್ ಒಂದು ಸುತ್ತ ತಿರುಗಿದರ ಗಾಲಿ ಎಷ್ಟು ಸುತ್ತ ತಿರುಗ್ತದ? ಪಾಟಿ ತಗೊಂಡ ಬಾ."

44ನ್ನು 18ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಎರಡೂವರೆ. ಆ ಗಾಲಿಯ ಸುತ್ತಳತೆ ಸುಮಾರು 2.2 ಮೀಟರು. ಅಂದರೆ ಒಂದು ಸಲ ಪೆಡಲು ತಿರುಗಿದರೆ ಸೈಕಲ್ಲು ಸುಮಾರು 5.4 ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ತಾಸಿಗೆ ಸುಮಾರು 19 ಕಿಲೋಮೀಟರು. ಈಗ ತಮಾಷೆ ಕೇಳಿ. ಮಗಳ ಸೈಕಲ್ಲಿನ ಗಾಲಿ ಸ್ವಲ್ಪ ಸಣ್ಣದು, ಸುತ್ತಳತೆ ಸುಮಾರು 2.1 ಮೀಟರು. 46ನ್ನು 18ರಿಂದ ಭಾಗಿಸಿ 2.1ರಿಂದ ಗುಣಿಸಿ ನೋಡಿ. ಅದೂ ಒಂದು ಸುತ್ತಿಗೆ ಸುಮಾರು 5.4 ಮೀಟರೇ! ಮಾಳಮಡ್ಡಿಯ ಗುಮಾಸ್ತನ ಸೈಕಲ್ಲೂ ಹಿಂಜೇವಾಡಿಯ ಸಾಫ್ಟ್‌ವೇರ್ ಹುಡುಗಿಯ ಸೈಕಲ್ಲೂ ಒಂದು ತುಳಿತಕ್ಕೆ ಒಂದೇ ದೂರ ಹೋಗುತ್ತವೆ. ಇದು ಪವಾಡವೇನಲ್ಲ. ಸಾಧಾರಣ ಮನುಷ್ಯನ ಕಾಲಿಗೆ ಸಮತಟ್ಟಾದ ರಸ್ತೆಯಲ್ಲಿ ಹಿತವಾಗುವ ಅಳತೆ ಅಷ್ಟೇ. ಮನುಷ್ಯನ ಕಾಲು ಬದಲಾಗಿಲ್ಲ ನೋಡಿ.

ಇನ್ನು ಇದರ ಹಿರಿತನ ಸ್ವಲ್ಪ ಹೇಳಿಬಿಡುತ್ತೇನೆ, "ಗೇರಿಲ್ಲದ್ದು ಬಡವರ ಸೈಕಲ್ಲು" ಎಂದು ಯಾರಾದರೂ ಮೂಗು ಮುರಿದರೆ ಉತ್ತರ ಕೊಡಲು ಬರುತ್ತದೆ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿರುವ, ಚೈನಿನಿಂದ ಹಿಂದಿನ ಗಾಲಿ ತಿರುಗುವ ರೋವರ್ ಸೈಕಲ್ಲು ಮಾಡಿದ. ನಾವು ಇವತ್ತು ಸೈಕಲ್ಲು ಎನ್ನುವುದಕ್ಕೆ ಅದೇ ಮೂಲ. ಆ ಕಾಲದ ಸೈಕಲ್ಲುಗಳೆಲ್ಲ ಫಿಕ್ಸೆಡ್. ಇಳಿಜಾರಿನಲ್ಲಿ ಪೆಡಲು ಗಿರಗಿರ ತಿರುಗುವಾಗ ಕಾಲು ಎತ್ತಿ ಇಡಲು ಮುಂದಿನ ಫೋರ್ಕಿಗೆ ಸಣ್ಣ ಗೂಟಗಳನ್ನು ಕೂಡಿಸುತ್ತಿದ್ದರು. ಫ್ರೀವೀಲ್ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಕೊನೆಗೆ.

ಫ್ರಾನ್ಸಿನ ಟೂರ್ ದ ಫ್ರಾನ್ಸ್ ಸ್ಪರ್ಧೆ ನಿಮಗೆ ಟಿ.ವಿ.ಯಿಂದ ಗೊತ್ತು. 1903ರಲ್ಲಿ ಅದನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಎಂಬ ಸಂಪಾದಕರಿಗೆ ಗೇರು ಕಂಡರೆ ಆಗುತ್ತಿರಲಿಲ್ಲ. ಗೆಲ್ಲಬೇಕಾದದ್ದು ಸವಾರನ ಮಾಂಸಖಂಡ, ಯಂತ್ರದ ಚಮತ್ಕಾರವಲ್ಲ ಎಂಬುದು ಅವರ ಹಟ. ಗೇರು ಬದಲಿಸುವುದೇನಿದ್ದರೂ ನಲವತ್ತೈದು ದಾಟಿದವರಿಗೆ ಎಂಬ ಅರ್ಥದ ಮಾತನ್ನು 1902ರಲ್ಲೇ ಬರೆದಿದ್ದರು. (ನಲವತ್ತೈದು ದಾಟಿದ ನಾನು ಇದನ್ನು ಕ್ಷಮಿಸಿದ್ದೇನೆ.) ಅವರ ಕಾಲದ ಸವಾರರು ಪರ್ವತದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುವಿ ಹಾಕಿ ಮತ್ತೆ ಹತ್ತುತ್ತಿದ್ದರು. ಆ ಸ್ಪರ್ಧೆಯಲ್ಲಿ ಚೈನು ದಾಟಿಸುವ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ.

ರಸ್ತೆಯ ಸ್ಪರ್ಧೆಗೆ ಗೇರು ಬಂದರೂ, ವೆಲೋಡ್ರೋಮ್ ಎಂಬ ಬಾಣಲೆಯಂಥ ಓಟದ ಅಂಗಳಕ್ಕೆ ಅದು ಬರಲೇ ಇಲ್ಲ. ಅಲ್ಲಿ ಇವತ್ತಿಗೂ ಒಂದೇ ಗೇರು, ಅದೂ ಫಿಕ್ಸೆಡ್, ಬ್ರೇಕೂ ಇಲ್ಲ. 1948ರಲ್ಲಿ ಜಪಾನಿನ ಕೊಕುರಾದಲ್ಲಿ ಹುಟ್ಟಿದ ಕೇರಿನ್ ಓಟ ಇಂಥ ಸೈಕಲ್ಲಿನದೇ, 2000ದ ಸಿಡ್ನಿಯಿಂದ ಅದು ಒಲಿಂಪಿಕ್ಸಿಗೂ ಬಂತು. ಒಂದು ತಾಸಿನಲ್ಲಿ ಎಷ್ಟು ದೂರ ಹೋಗಬಹುದು ಎಂಬ ಪ್ರಸಿದ್ಧ ಪರೀಕ್ಷೆ ನಡೆಯುವುದೂ ಇದರ ಮೇಲೆಯೇ. 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ 49.431 ಕಿ.ಮೀ. ಹೋದರು. 2022ರಲ್ಲಿ ಇಟಲಿಯ ಫಿಲಿಪ್ಪೋ ಗಾನ್ನಾ 56.792 ಕಿ.ಮೀ. ಹೋದರು. 2023ರಲ್ಲಿ ಇಟಲಿಯವರೇ ಆದ ವಿಟ್ಟೋರಿಯಾ ಬುಸ್ಸಿ ಒಂದು ತಾಸಿನಲ್ಲಿ 50 ಕಿ.ಮೀ. ದಾಟಿದ ಮೊದಲ ಮಹಿಳೆಯಾದರು. ಆಕೆ ಆಕ್ಸ್‌ಫರ್ಡಿನಲ್ಲಿ ಗಣಿತದಲ್ಲಿ ಪಿಎಚ್.ಡಿ. ಮಾಡಿದವರು. ಓದುವ ಹುಡುಗಿಯರಿಗೆ ಆಟ ಯಾಕೆ ಎನ್ನುವ ಅಜ್ಜಿಯಂದಿರಿಗೆ ಇದನ್ನು ಓದಿ ಹೇಳಿ.

ನಮ್ಮ ಕಡೆ ಇದು ಹುಡುಗಿಯರಿಗೆ ಬೇರೆಯೇ ಬಾಗಿಲು ತೆರೆಯಿತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ಲು ಕಲಿತರು. 2006-07ರಿಂದ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲಾರಂಭಿಸಿದಾಗ, ಹೈಸ್ಕೂಲು ದೂರವೆಂದು ಮನೆಯಲ್ಲಿ ಉಳಿಯುತ್ತಿದ್ದ ಹುಡುಗಿಯರು ಸಾಲಾಗಿ ಸೈಕಲ್ಲಿನಲ್ಲಿ ಹೋಗುವುದನ್ನು ನಾನೇ ಧಾರವಾಡದ ಸುತ್ತಲಿನ ರಸ್ತೆಗಳಲ್ಲಿ ಕಂಡಿದ್ದೇನೆ. ಅವೂ ಸಾದಾ ಸೈಕಲ್ಲುಗಳೇ. ಕೆಟ್ಟರೆ ಊರಿನ ಯಾವ ಮರದ ಕೆಳಗಿನ ಅಂಗಡಿಯವನೂ ರಿಪೇರಿ ಮಾಡಬಲ್ಲ. ಗೇರಿಲ್ಲದ್ದರ ದೊಡ್ಡ ಗುಣ ಅದು. ಕೆಡುವುದಕ್ಕೆ ಹೆಚ್ಚು ಭಾಗಗಳೇ ಇಲ್ಲ.

ಆದರೆ ಗೇರಿನ ಸೈಕಲ್ಲು ಕೊಳ್ಳುವ ಶಕ್ತಿಯಿದ್ದವರೂ ಇದನ್ನು ಯಾಕೆ ಬಯಸುತ್ತಾರೆ? ಒಂದು ರಾತ್ರಿ ಚಪಾತಿ ಲಟ್ಟಿಸುತ್ತ ಮಗಳನ್ನು ಕೇಳಿದೆ. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ದಿನವಿಡೀ ಕಂಪ್ಯೂಟರಿನ ಮುಂದೆ ಇದು ಒತ್ತಲೋ ಅದು ಒತ್ತಲೋ ಎಂದು ಆರಿಸಿ ಆರಿಸಿ ತಲೆ ದಣಿದಿರುತ್ತದೆ. ಈ ಸೈಕಲ್ಲಿನಲ್ಲಿ ಆರಿಸುವುದೇ ಇಲ್ಲ. ತುಳಿಯುವುದು ಒಂದೇ ಕೆಲಸ. ಚೈನು ನೇರವಾಗಿ ಓಡುವುದರಿಂದ ಸದ್ದೂ ಇಲ್ಲ, ಮುಂಜಾನೆಯ ರಸ್ತೆಯಲ್ಲಿ ಹಕ್ಕಿಗಳ ದನಿ ಕೇಳಿಸುತ್ತದೆ. ಮುಂದೆ ಏರು ಇದೆ ಎಂದು ದೂರದಿಂದಲೇ ಕಂಡು, ಮೊದಲೇ ವೇಗ ಕೂಡಿಸಿಕೊಳ್ಳಬೇಕು. ಗೇರಿದ್ದರೆ ಏರಿಗೆ ಬಂದ ಮೇಲೆ ನೋಡಿಕೊಂಡರಾಯಿತು ಎನಿಸುತ್ತದೆ. ಇಲ್ಲಿ ರಸ್ತೆಯನ್ನು ಓದುತ್ತಲೇ ಇರಬೇಕು. ಫಿಕ್ಸೆಡ್ ಹಾಕಿದ ದಿನವಂತೂ ಗಾಲಿಯ ಕೆಳಗೆ ಉಸುಕಿದೆಯೋ ಒದ್ದೆ ಇದೆಯೋ ಎಂಬುದು ಅಂಗಾಲಿಗೇ ತಿಳಿಯುತ್ತದಂತೆ.

ಅವಳು ಹೇಳುವಾಗ ನನಗೆ ನಮ್ಮವ್ವನ ಸೌದೆ ಒಲೆ ನೆನಪಾಯಿತು. ಉರಿ ಹೆಚ್ಚುಕಡಿಮೆ ಮಾಡಲು ಅದಕ್ಕೆ ಗುಂಡಿ ಎಲ್ಲಿತ್ತು? ಅವ್ವ ಕಟ್ಟಿಗೆ ಹಿಂದೆ ಸರಿಸುತ್ತಿದ್ದಳು, ಪಾತ್ರೆಯನ್ನು ಅಂಚಿಗೆ ತರುತ್ತಿದ್ದಳು, ಸಾರು ಕುದಿಯುವ ಸಪ್ಪಳ ಕೇಳಿ ಹಿತ್ತಲಿನಿಂದಲೇ ಓಡಿಬರುತ್ತಿದ್ದಳು. ಗುಂಡಿ ಇಲ್ಲದ್ದರಿಂದ ಅವಳ ಕಿವಿ, ಮೂಗು, ಕೈ ಎಲ್ಲ ಎಚ್ಚರವಾಗಿದ್ದವು. ಹಾಗೆಂದು ನಾನು ಗ್ಯಾಸು ಬಿಟ್ಟು ಸೌದೆ ಊದುತ್ತೇನೆ ಎಂದಲ್ಲ! ಗೇರಿನ ಸೈಕಲ್ಲನ್ನೂ ಹಳಿಯುವುದಿಲ್ಲ. ಕಾತ್ರಜ್ ಘಾಟು ಹತ್ತುವವರಿಗೆ, ಮೊಣಕಾಲು ನೋವಿದ್ದವರಿಗೆ, ದೂರದ ಪ್ರವಾಸಕ್ಕೆ ಹೋಗುವವರಿಗೆ ಗೇರೇ ಬೇಕು. ಒಂದೇ ಗೇರಿನದು ಊರೊಳಗಿನ ಐದು, ಹತ್ತು ಕಿಲೋಮೀಟರಿನ ಗೆಳೆಯ.

ಎಲ್ಲ ಸರಿ, ಜಗಳವಾದದ್ದು ಬ್ರೇಕಿಗೆ. ನ್ಯೂಯಾರ್ಕಿನಲ್ಲಿ ಆಫೀಸಿನ ಕಾಗದಪತ್ರ ಹಂಚುವ ಸವಾರರು ಫಿಕ್ಸೆಡ್ ಸೈಕಲ್ಲಿನಲ್ಲಿ ವಾಹನಗಳ ನಡುವೆ ನುಸುಳುವ ಚಿತ್ರಗಳನ್ನು ನೋಡಿ ನೋಡಿ, ನನ್ನ ಮಗಳಿಗೂ ಬ್ರೇಕು ಬಿಚ್ಚಿಹಾಕಬೇಕು ಎನಿಸಿತು. ಕಾಲಿನಿಂದ ತಡೆದರೆ ಸಾಕಂತೆ, ನೋಡಲು ಚೆಂದವಂತೆ. ನಾನು ಎಂದೂ ಅವಳ ಮೇಲೆ ದನಿ ಏರಿಸಿದವಳಲ್ಲ, ಅವತ್ತು ಏರಿಸಿದೆ. "ವೆಲೋಡ್ರೋಮಿನಾಗ ಎಲ್ಲಾರೂ ಒಂದ ಕಡೆ ಓಡ್ತಾರ. ಪೌಡ್ ರೋಡಿನಾಗ ನಾಕೂ ಕಡಿಂದ ಬರ್ತಾರ. ಬ್ರೇಕ್ ಬಿಚ್ಚಿದರ ಸೈಕಲ್ ಮನಿಯೊಳಗ ಬರಂಗಿಲ್ಲ" ಎಂದೆ. ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ, ರಸ್ತೆಗೆ ಅಡ್ಡ ಬಂದ ನಾಯಿಯನ್ನು ಉಳಿಸಲು ಎರಡೂ ಬ್ರೇಕು ಒಟ್ಟಿಗೆ ಹಿಡಿಯಬೇಕಾಯಿತೆಂದು ತಾನೇ ಬಂದು ಹೇಳಿದಳು. ನಾಯಿಗೆ ಮನಸ್ಸಿನಲ್ಲೇ ಒಂದು ಬಿಸ್ಕೀಟು ಹಾಕಿದೆ.

ಆದ್ದರಿಂದ ಕೊಳ್ಳುವ ಮನಸ್ಸು ಮಾಡಿದವರಿಗೆ ಮೌಶಿಯ ನಾಲ್ಕು ಮಾತು. ಮೊದಲ ಕೆಲವು ತಿಂಗಳು ಫ್ರೀವೀಲಿನಲ್ಲೇ ಓಡಿಸಿ. ಫಿಕ್ಸೆಡ್ ಕಲಿಯುವುದಾದರೆ ಖಾಲಿ ಮೈದಾನದಲ್ಲಿ ಕಲಿಯಿರಿ, ಯಾಕೆಂದರೆ ಅಭ್ಯಾಸಬಲದಿಂದ ಕಾಲು ನಿಲ್ಲಿಸಿದ ಕೂಡಲೇ ಪೆಡಲು ನಿಮ್ಮನ್ನು ಎತ್ತಿ ಒಗೆಯಲು ನೋಡುತ್ತದೆ. ರಸ್ತೆಗೆ ಎರಡು ಬ್ರೇಕು, ತಲೆಗೆ ಹೆಲ್ಮೆಟ್ಟು, ರಾತ್ರಿಗೆ ಮುಂದೆ ಹಿಂದೆ ದೀಪ. ಬೂಟಿನ ಲೇಸು, ಪ್ಯಾಂಟಿನ ಅಂಚು, ಓಢಣಿ ಚೈನಿನ ಹತ್ತಿರ ಹೋಗದಿರಲಿ. ಫಿಕ್ಸೆಡ್ ಸೈಕಲ್ಲಿನ ಚೈನು ಬಟ್ಟೆ ಸಿಕ್ಕಿತೆಂದು ನಿಲ್ಲುವುದಿಲ್ಲ. ಜಂಬಕ್ಕೆ ಭಾರವಾದ ಗೇರು ಹಾಕಿಸಿಕೊಂಡು ಮೊಣಕಾಲು ಹಾಳುಮಾಡಿಕೊಳ್ಳಬೇಡಿ. ಹಿಂದೆ ಒಂದೆರಡು ಹಲ್ಲು ಹೆಚ್ಚಿದ್ದರೆ ಏರು ಹಗುರಾಗುತ್ತದೆ. ಮಳೆಯಲ್ಲಿ ಓಡಿಸಿ ಬಂದರೆ ಚೈನು ಒರೆಸಿ ಎಣ್ಣೆ ಬಿಡಿ. ಚೈನು ಸಡಿಲಾದರೆ ಹಿಂದಿನ ಗಾಲಿಯನ್ನು ಸ್ವಲ್ಪ ಹಿಂದೆ ಎಳೆದು ನಟ್ಟು ಬಿಗಿಯಬೇಕು. ಇಷ್ಟೇ ಇದರ ಆರೈಕೆ. ಕೊನೆಯದಾಗಿ, ಏರು ಬಂದು ದಮ್ಮು ಹತ್ತಿದರೆ ಇಳಿದು ತಳ್ಳಿ. ನಾಚಿಕೆ ಬೇಡ.

ಈ ಕೊನೆಯ ಮಾತನ್ನು ಬರೆಯಲು ನನಗೆ ಎಷ್ಟು ಹಕ್ಕಿದೆಯೋ ಗೊತ್ತಿಲ್ಲ. ಇವತ್ತಿನವರೆಗೆ ಮನೆಯವರಿಗೂ ಹೇಳದ ಒಂದು ಸಂಗತಿಯನ್ನು ನಿಮಗೆ ಹೇಳುತ್ತೇನೆ.

ನಮ್ಮಪ್ಪ ಕರ್ನಾಟಕ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ವಿಶ್ವವಿದ್ಯಾಲಯ ಇರುವುದು ಛೋಟಾ ಮಹಾಬಳೇಶ್ವರ ಎಂಬ ಗುಡ್ಡದ ಮೇಲೆ. ಹೆಸರು ಕೇಳಿದರೇ ಏರು ಎಂಥದೆಂದು ತಿಳಿಯುತ್ತದಲ್ಲ? ದಿನಾ ಮುಂಜಾನೆ ಅಪ್ಪ ಏರಿನ ಬುಡದವರೆಗೆ ತುಳಿದು, ಅಲ್ಲಿ ಇಳಿದು, ಹ್ಯಾಂಡಲ್ಲು ಹಿಡಿದು ಮೇಲಿನವರೆಗೆ ತಳ್ಳಿಕೊಂಡು ಹೋಗುತ್ತಿದ್ದ. ಜವಾನರು, ಗುಮಾಸ್ತರು, ವಿದ್ಯಾರ್ಥಿಗಳು ಎಲ್ಲರೂ ತಳ್ಳುವವರೇ. ಏರಿನಲ್ಲಿ ಮಾತಾಡುತ್ತ ಹೋಗುವುದೇ ಅಪ್ಪನಿಗೆ ಒಂದು ಸಂತೋಷ. ಯಾರ ಮನೆಯಲ್ಲಿ ಮದುವೆ, ಯಾರ ಎಮ್ಮೆ ಈಯಿತು, ಎಲ್ಲ ಸುದ್ದಿ ಅಲ್ಲೇ ಸಿಗುತ್ತಿತ್ತು. ಸಂಜೆ ಬರುವಾಗ ಪೆಡಲು ತುಳಿಯದೆ ಗಾಳಿಗೆ ಅಂಗಿ ಉಬ್ಬಿಸಿಕೊಂಡು ಇಳಿಯುತ್ತಿದ್ದ.

1990ರಲ್ಲಿ ನಾನು ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಸ್ಪರ್ಧೆ. ಡಾಕ್ಟರರ ಮಗಳಾದ ನನ್ನ ಗೆಳತಿ ತನ್ನ ಹೊಸ ಲೂನಾದ ಹಿಂದೆ ನನ್ನನ್ನು ಕೂಡಿಸಿಕೊಂಡು ಹೊರಟಳು. ಇಬ್ಬರ ಭಾರಕ್ಕೆ ಲೂನಾ ಏರಿನಲ್ಲಿ ಉಬ್ಬಸಪಡುತ್ತ, ನಡೆಯುವವರಿಗಿಂತ ಚೂರೇ ಜೋರಾಗಿ ಹೋಗುತ್ತಿತ್ತು. ಮುಂದೆ ಅಪ್ಪ ಕಂಡ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಧೋತರದ ಅಂಚು ಎತ್ತಿ ಸಿಕ್ಕಿಸಿದ್ದ, ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿತ್ತು. ನಾನು ಮುಖ ಆ ಕಡೆ ತಿರುಗಿಸಿದೆ. ಗೆಳತಿ, "ಲೇ, ನಿಮ್ಮಪ್ಪನ ಕಂಡಂಗ ಕಾಣಸ್ತಾರಲ್ಲ?" ಎಂದಳು.

"ಅಲ್ಲ" ಎಂದೆ.

ಲೂನಾ ಅಷ್ಟು ನಿಧಾನವಾಗಿ ಹೋಗುತ್ತಿತ್ತು ಮಕ್ಕಳೇ, ಆ ಮಾತು ಅಪ್ಪನಿಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ.

ಅವತ್ತು ಸಂಜೆ ಅಪ್ಪ ಎಂದಿನಂತೆ ಸೈಕಲ್ಲು ಒಳಗೆ ತಂದು ಗೋಡೆಗೆ ಆನಿಸಿದ. ನಾನು ಚಹಾ ಕೊಟ್ಟೆ. ಬಟ್ಟಲು ತೆಗೆದುಕೊಂಡು, "ಲೂನಾ ಏರು ಹತ್ತಿತೇನವಾ?" ಎಂದ. ಅಷ್ಟೇ. ಕೊಂಕಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವವನ ಹಾಗೆ ಕೇಳಿದ. ಹತ್ತಿತು ಎಂದೆ. ಮತ್ತೆಂದೂ ಆ ಮಾತು ಬರಲಿಲ್ಲ. ನಾನೂ ತೆಗೆಯಲಿಲ್ಲ. 1994ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಸೈಕಲ್ಲುಗಳ ಊರು ಎಂದು ಹೆಸರಾಗಿದ್ದ ಪುಣೆಯಲ್ಲಿ ಆಗಲೂ ಎಲ್ಲಿ ನೋಡಿದರೂ ಸೈಕಲ್ಲು. ನೋಡಿದಾಗಲೆಲ್ಲ ಅಪ್ಪನಿಗೆ ಒಂದು ಕಾಗದ ಬರೆಯಬೇಕು ಎಂದುಕೊಳ್ಳುತ್ತಿದ್ದೆ. ಬರೆಯಲಿಲ್ಲ. ಅಪ್ಪ 2011ರಲ್ಲಿ ತೀರಿಕೊಂಡ. ಮರುವರ್ಷ ಅಣ್ಣ ಫೋನು ಮಾಡಿ, "ಸೈಕಲ್ ಹಿತ್ತಲದಾಗ ತುಕ್ಕ ಹಿಡದ ಬಿದ್ದದ, ಏನ ಮಾಡೂಣು?" ಎಂದು ಕೇಳಿದ. "ಈಗ ಯಾರು ಹೊಡೀತಾರ, ಕೊಟ್ಟುಬಿಡೋ" ಎಂದವಳು ನಾನೇ. ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿ ಒಯ್ದನಂತೆ.

ಇದನ್ನು ನಿಮಗೆ ಯಾಕೆ ಹೇಳುತ್ತಿದ್ದೇನೆ? ಮೆಟ್ರೋದಲ್ಲಿ ನಿಮ್ಮಲ್ಲಿ ಕೆಲವರನ್ನು ನೋಡುತ್ತೇನೆ. ಊರಿನಿಂದ ಅಜ್ಜಿಯ ಫೋನು ಬಂದರೆ ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಎರಡು ಮಾತು ಕನ್ನಡದಲ್ಲಿ ಆಡಿ ಇಟ್ಟುಬಿಡುತ್ತೀರಿ. ಬೈಯುತ್ತಿಲ್ಲ. ನಾನು ಲೂನಾದ ಹಿಂದೆ ಕೂತವಳು, ನನಗೆ ಬೈಯುವ ಬಾಯಿ ಇಲ್ಲ. ಆದರೆ ಆ ತಗ್ಗಿದ ದನಿ ಆ ಕಡೆ ಕೇಳಿಸುತ್ತದೆ ಎಂಬುದಷ್ಟನ್ನು ತಿಳಿದಿರಿ.

ಈಗ ಹೋದ ರವಿವಾರದ ಮಾತು. ಮಗಳು ಮುಂಜಾನೆ ಆರಕ್ಕೆ ಸೈಕಲ್ಲಿನಲ್ಲಿ ಪಾಷಾಣ ಕೆರೆಯ ಕಡೆಗೆ ಹೊರಟಳು. ನಾವಿಬ್ಬರೂ ಒಗ್ಗರಣೆ ಅವಲಕ್ಕಿಯ ಡಬ್ಬಿ ಹಿಡಿದು ಸ್ಕೂಟರಿನಲ್ಲಿ ಹಿಂದೆ ಹೊರಟೆವು. ಕೋಥರೂಡಿನಿಂದ ಚಾಂದನಿ ಚೌಕದವರೆಗಿನ ಏರು ನಿಮಗೆ ಗೊತ್ತು. ಅರ್ಧ ಏರಿನಲ್ಲಿ ನಮ್ಮ ಹುಡುಗಿ ಸೈಕಲ್ಲು ತಳ್ಳುತ್ತಿದ್ದಳು. ಅಂಗಿ ಬೆನ್ನಿಗೆ ಅಂಟಿತ್ತು. ನಾನು ನಮ್ಮವರ ಹೆಗಲು ತಟ್ಟಿ ಸ್ಕೂಟರು ನಿಲ್ಲಿಸಲು ಹೇಳಿ ಇಳಿದೆ. "ನೀವು ಮುಂದ ನಡೀರಿ" ಎಂದು, ಸೈಕಲ್ಲಿನ ಆ ಕಡೆಯಿಂದ ಸೀಟು ಹಿಡಿದು ಅವಳ ಜೊತೆ ನಡೆಯತೊಡಗಿದೆ. ಅಷ್ಟರಲ್ಲಿ ನಮ್ಮ ಸಂಘದವರೇ ಒಬ್ಬರ ಕಾರು ಪಕ್ಕಕ್ಕೆ ಬಂದು ನಿಧಾನವಾಯಿತು. ಗಾಜು ಇಳಿಯಿತು.

"ಏನ್ರೀ, ಪಂಕ್ಚರ್ ಆತೇನು? ಯಾರ ಸೈಕಲ್ಲು?"

"ಪಂಕ್ಚರ್ ಇಲ್ಲರೀ, ಏರು ಭಾಳ ಅದ. ಈಕಿ ನನ್ನ ಮಗಳು" ಎಂದೆ.

ಅಷ್ಟು ಸಣ್ಣ ಮಾತು. ಮೂವತ್ತೈದು ವರ್ಷ ತಡವಾಗಿ, ಬೇರೊಂದು ಊರಿನಲ್ಲಿ, ಬೇರೆಯವರ ಮುಂದೆ ಆಡಿದ್ದು. ಅಪ್ಪನಿಗೆ ಅದರಿಂದ ಏನೂ ಮುಟ್ಟಲಿಲ್ಲ, ಗೊತ್ತು. ಕಾರು ಹೋದ ಮೇಲೆ ಮಗಳು, "ಯಾಕಮ್ಮಾ ಕಣ್ಣು ಒರಸಾಕತ್ತಿ?" ಎಂದಳು. ಧೂಳು ಎಂದೆ. ಚಾಂದನಿ ಚೌಕದಲ್ಲಿ ಧೂಳಿಗೆ ಬರವಿಲ್ಲವಾದ್ದರಿಂದ ನಂಬಿದಳು.

ಏರು ಮುಗಿಯುವಷ್ಟರಲ್ಲಿ ನಮ್ಮಿಬ್ಬರ ನಡುವೆ ಎಷ್ಟು ಮಾತಾಯಿತು ಗೊತ್ತೇ? ಆಫೀಸಿನಲ್ಲಿ ಅವಳಿಗಿರುವ ಬೇಸರ, ಒಬ್ಬ ಹುಡುಗನ ಹೆಸರು (ಅದು ಈ ಪುಟಕ್ಕಲ್ಲ), ಬೇರೆ ಊರಿಗೆ ಹೋಗುವ ಯೋಚನೆ. ಸ್ಕೂಟರಿನಲ್ಲಿ ಹೋಗಿದ್ದರೆ ಇದ್ಯಾವುದೂ ಬರುತ್ತಿರಲಿಲ್ಲ. ತಳ್ಳುತ್ತ ನಡೆದರೆ ಮಾತಿಗೆ ಹೊತ್ತು ಸಿಗುತ್ತದೆ ಎಂಬುದು ಅಪ್ಪನಿಗೆ ಗೊತ್ತಿತ್ತು.

ಕೆರೆಯ ಹತ್ತಿರ ಸಮತಟ್ಟಾದ ರಸ್ತೆ ಬಂದಾಗ ಮಗಳು, "ಅಮ್ಮಾ, ನೀ ಒಂದ ರೌಂಡ ಹೊಡಿ" ಎಂದಳು. ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನ ನಡುವಿನ ಕೊಳವೆಯ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲು ತುಳಿದವಳು ನಾನು, ಹೆದರಿಕೆ ಯಾಕೆ? ಓಢಣಿ ಸೊಂಟಕ್ಕೆ ಬಿಗಿದು, ಅವಳ ಹೆಲ್ಮೆಟ್ಟು ಹಾಕಿಕೊಂಡು ಹತ್ತಿದೆ. ನಮ್ಮವರು ಅವಲಕ್ಕಿ ಡಬ್ಬಿ ಹಿಡಿದುಕೊಂಡೇ ಹಿಂದೆ ಓಡಿಬಂದರು. ಹತ್ತಿಪ್ಪತ್ತು ಮಾರು ಡೊಂಕಾಗಿ ಹೋದ ಸೈಕಲ್ಲು ಆಮೇಲೆ ನೆಟ್ಟಗಾಯಿತು. ಒಂದು ಸುತ್ತಿಗೆ ಐದೂ ಚಿಲ್ಲರೆ ಮೀಟರು. ಕಾಲು ಆ ಅಳತೆಯನ್ನು ಮರೆತಿರಲಿಲ್ಲ.

ಈಗ ನಗುವವರು ನಗಬಹುದು. ನಕ್ಕ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಅಜ್ಜನ, ತಂದೆಯ ಸೈಕಲ್ಲು ಊರಿನ ಹಿತ್ತಲಲ್ಲೋ ಅಟ್ಟದ ಮೇಲೋ ಇನ್ನೂ ಇದೆಯೇ ಎಂದು ಇವತ್ತೇ ಫೋನು ಮಾಡಿ ಕೇಳಿ. ಇದ್ದರೆ ಗುಜರಿಗೆ ಹಾಕಬೇಡಿರೆಂದು ಹೇಳಿ. ಇಲ್ಲದಿದ್ದರೆ ಅವರು ಅದನ್ನು ಯಾವ ಏರಿನಲ್ಲಿ ತಳ್ಳುತ್ತಿದ್ದರು ಎಂದಾದರೂ ಕೇಳಿ. ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋ​ಣ.

ನಿಮ್ಮ ಪ್ರೀತಿಯ
ಮೌಶಿ